ಗೋಲ್ಡನ್ ಕಾಮುಯ್: ಐದು ವರ್ಷ, ಮೂರು ಓದು, 31 ಸಂಪುಟ

ಸತೋರು ನೋಡಾ ಅವರ ಈ ಮಾಂಗಾದ (ಜಪಾನಿ ಚಿತ್ರಕಥೆಯ) ಮೊದಲ ಸಂಪುಟವನ್ನು ನಾನು ಕೊಂಡದ್ದು ಐದು ವರ್ಷಗಳ ಹಿಂದೆ, ನಿಧಿ ಹುಡುಕುವ ಕತೆ ಎಂದುಕೊಂಡು. 31ನೆಯದನ್ನು ಮುಗಿಸಿ, ಮತ್ತೆರಡು ಸಲ ಮೊದಲಿನಿಂದ ಓದಿ ಈಗ ಬರೆಯುತ್ತಿದ್ದೇನೆ. ನಿಧಿಯ ಮಾತು ಹೇಳುವುದಾದರೆ, ಎರಡನೆಯ ಓದಿನ ಹೊತ್ತಿಗೆ ಚಿನ್ನ ಎಲ್ಲಿ ಸಿಕ್ಕಿತು ಎಂಬುದೇ ನನಗೆ ಮರೆತುಹೋಗಿತ್ತು. ಅದರಿಂದ ಓದಿಗೆ ಯಾವ ತೊಂದರೆಯೂ ಆಗಲಿಲ್ಲ. ಮರೆಯದೆ ಉಳಿದದ್ದು ಊಟದ ದೃಶ್ಯಗಳು.

ಗುಟ್ಟುಗಳನ್ನು ಬಿಡಿಸದೆ ಈ ಕೃತಿಯ ಬಗ್ಗೆ ಮಾತನಾಡಲು ನನಗೆ ಬಾರದು. ಓದಬೇಕೆಂದಿರುವವರು ಇಲ್ಲಿಗೇ ನಿಲ್ಲಿಸಿ, ಮೊದಲ ಮೂರು ಸಂಪುಟ ಮುಗಿಸಿಕೊಂಡು ಬನ್ನಿ.

1904-05ರ ರಷ್ಯಾ-ಜಪಾನ್ ಯುದ್ಧ ಮುಗಿದ ಹೊಸತು. ಜಾಗ ಜಪಾನಿನ ಉತ್ತರದ ದ್ವೀಪ ಹೊಕ್ಕೈಡೋ. ಅಲ್ಲಿನ ಮೂಲನಿವಾಸಿಗಳಾದ ಐನು ಜನ ಕೂಡಿಟ್ಟ ಚಿನ್ನವನ್ನು ಯಾರೋ ಬಚ್ಚಿಟ್ಟು, ಅದರ ಗುರುತನ್ನು ಅಬಾಶಿರಿ ಸೆರೆಮನೆಯ 24 ಕೈದಿಗಳ ಮೈಮೇಲೆ ಹಚ್ಚೆಯಾಗಿ ಹಾಕಿದ್ದಾನೆ. ಕೈದಿಗಳು ಪರಾರಿಯಾಗಿದ್ದಾರೆ. ಅವರ ಚರ್ಮಕ್ಕಾಗಿ ಸೈನಿಕರು, ಕಳ್ಳರು, ಮುದುಕನಾಗಿ ಬದುಕುಳಿದ ಸಮುರಾಯ್ ಹಿಜಿಕಾತಾ (ಇತಿಹಾಸದ ಹಿಜಿಕಾತಾ 1869ರಲ್ಲೇ ಸತ್ತಿದ್ದ), ಎಲ್ಲರೂ ಹಿಮದಲ್ಲಿ ಓಡುತ್ತಾರೆ. ಸಾಹಸ ಕತೆಗೆ ಇಷ್ಟು ಸಾಕು. ಆದರೆ ಓಡುವ ಒಬ್ಬೊಬ್ಬನ ಬೆನ್ನ ಹಿಂದೆಯೂ ತೀರದೆ ಉಳಿದ ಒಂದು ಮನೆಯ ಲೆಕ್ಕವಿದೆ. ನೋಡಾ ಆ ಲೆಕ್ಕವನ್ನು ಹೆಚ್ಚಾಗಿ ಒಲೆಯ ಮುಂದೆ ಕೂರಿಸಿ ಬಿಚ್ಚುತ್ತಾರೆ.

ತಾನಿಗಾಕಿಯ ಪ್ರಸಂಗವನ್ನೇ ನೋಡಿ. ಅವನು ಅಕಿತಾ ಸೀಮೆಯ ಆನಿ ಊರಿನ 'ಮಾತಾಗಿ', ಅಂದರೆ ಕರಡಿ ಬೇಟೆಯ ಕುಲದವನು. ತಂಗಿಯನ್ನು ಕೊಂದು, ಮನೆಗೆ ಬೆಂಕಿ ಹಚ್ಚಿ ಓಡಿಹೋದ ಅವಳ ಗಂಡ ಕೆಂಕಿಚಿಯನ್ನು ಹುಡುಕಿ ಕೊಲ್ಲಲೆಂದೇ ಸೈನ್ಯ ಸೇರುತ್ತಾನೆ. ರಷ್ಯಾ ಯುದ್ಧದ 203 ಮೀಟರ್ ಗುಡ್ಡದ ಕದನದಲ್ಲಿ ಆತ ಸಿಗುತ್ತಾನೆ, ಆದರೆ ಛಿದ್ರಗೊಂಡ ದೇಹವಾಗಿ. ಎದುರಿಗಿರುವವನು ಯಾರೆಂದು ತಿಳಿಯದೆಯೇ ಅವನು ನಡೆದದ್ದನ್ನು ಹೇಳಿಬಿಡುತ್ತಾನೆ: ಹೆಂಡತಿಗೆ ಸಿಡುಬು ಬಂದಿತ್ತು, ಊರು ತವರಿನವರನ್ನು ದೂರವಿಡಬಾರದೆಂದು ಅವಳೇ ತನ್ನನ್ನು ಕೊಲ್ಲಲು ಬೇಡಿಕೊಂಡಿದ್ದಳು. ತಾನಿಗಾಕಿ ಜೇಬಿನಿಂದ ಕಾನೆಮೋಚಿ ಎಂಬ ಅಕ್ಕಿಹಿಟ್ಟಿನ ಬುತ್ತಿ ತೆಗೆದು ಅವನ ಬಾಯಿಗಿಡುತ್ತಾನೆ. ತಾನಿಗಾಕಿ ಮನೆಯ ಬುತ್ತಿಗೆ ಅಕ್ರೋಟು ಬೀಳುತ್ತದೆ, ಬೇರೆ ಯಾರ ಮನೆಯದಕ್ಕೂ ಬೀಳುವುದಿಲ್ಲ. ನಾಲಿಗೆಗೆ ಅಕ್ರೋಟು ತಾಗಿದ ಕ್ಷಣ ಕೆಂಕಿಚಿಗೆ ತಾನು ಇಷ್ಟು ಹೊತ್ತು ಯಾರ ಮುಂದೆ ಮಾತನಾಡಿದೆ ಎಂಬುದು ತಿಳಿಯುತ್ತದೆ. ಮೊದಲ ಸಲ ಓದಿದಾಗ ಪುಸ್ತಕ ಮಡಚಿಟ್ಟು ಅಡುಗೆಮನೆಗೆ ಹೋಗಿ ನೀರು ಕುಡಿದು ಬಂದಿದ್ದೆ.

ನಾಯಕ ಸುಗಿಮೊತೊ ಕೂಡ ತನ್ನ ಮನೆಯನ್ನು ಸುಟ್ಟವನು ಎಂಬುದು ಮೂರನೆಯ ಓದಿನಲ್ಲಿ ಹೊಳೆಯಿತು. ಕ್ಷಯ ಮನೆಯವರನ್ನೆಲ್ಲ ತಿಂದ ಮೇಲೆ ಅವನು ಬೆಂಕಿಯಿಟ್ಟು ಊರು ಬಿಡುತ್ತಾನೆ. ಪ್ರೀತಿಸಿದ ಉಮೆಕೊಳನ್ನು ಗೆಳೆಯ ತೋರಾಜಿ ಮದುವೆಯಾಗುತ್ತಾನೆ, ಆ ತೋರಾಜಿ ಯುದ್ಧದಲ್ಲಿ ಸಾಯುತ್ತಾನೆ. ಉಮೆಕೊಳ ಕಣ್ಣಿನ ಚಿಕಿತ್ಸೆಗೆ ಹಣ ಬೇಕು, ಚಿನ್ನ ಅದಕ್ಕೇ. ಆದರೆ ಯುದ್ಧದಿಂದ ಮರಳಿ ಬಾಗಿಲಿಗೆ ಬಂದವನನ್ನು ಅವಳು ಗುರುತಿಸುವುದಿಲ್ಲ, ಯಾರು ಎಂದು ಕೇಳುತ್ತಾಳೆ. ಅವನು ಬಾಯಲ್ಲಿ ಹೇಳುವ ಕಾರಣ ಚಿಕಿತ್ಸೆಯ ಇನ್ನೂರು ಯೆನ್. ಒಳಗೆ ಕೊರೆಯುವುದು ಈ ಪ್ರಶ್ನೆ. ಯುದ್ಧಕ್ಕೆ ಮುಂಚೆ ತನಗೆ ಒಣಗಿಸಿದ ಪರ್ಸಿಮನ್ ಹಣ್ಣು ಇಷ್ಟವಾಗಿತ್ತು ಎಂದು ಅವನು ಅಸಿರ್ಪಾಗೆ ಹೇಳಿದಾಗ, ಅದನ್ನು ತಿಂದರೆ ನೀನು ಮೊದಲಿನ ಸುಗಿಮೊತೊ ಆಗುತ್ತೀಯಾ ಎಂದು ಆ ಐನು ಹುಡುಗಿ ಕೇಳುತ್ತಾಳೆ. ಕತೆಯ ಆರಂಭದಲ್ಲಿ ಮಿಸೋವನ್ನು (ಹುದುಗಿಸಿದ ಸೋಯಾ ಹಿಟ್ಟನ್ನು) ಮಲವೆಂದು ಮುಖ ಕಿವುಚುತ್ತಿದ್ದ ಹುಡುಗಿ ಇವಳೇ.

ಒಗಾತಾ ಎಂಬ ಸೈನಿಕನದ್ದು ಇದೇ ಕತೆಯ ವಿಷ ಬೆರೆತ ರೂಪ. ಸೇನಾಧಿಕಾರಿಗೆ ಗೇಯ್ಶಾ ಒಬ್ಬಳಲ್ಲಿ ಹುಟ್ಟಿದ ಮಗ. ಬರುವುದನ್ನೇ ನಿಲ್ಲಿಸಿದ ಆತ ಹಿಂದೊಮ್ಮೆ ರುಚಿಯೆಂದು ಹೊಗಳಿದ್ದ ಆಂಕೋ ಮೀನಿನ ಸಾರನ್ನು ತಾಯಿ ಚಳಿಗಾಲ ಪೂರ್ತಿ ಮಾಡುತ್ತಾಳೆ. ಹಕ್ಕಿ ಹೊಡೆದು ತಂದರೆ ಅಂದಾದರೂ ಬೇರೆ ಅಡುಗೆಯಾದೀತು ಎಂದು ಹುಡುಗ ಬಂದೂಕು ಹಿಡಿಯುತ್ತಾನೆ. ಹಕ್ಕಿ ತಂದರೂ ಒಲೆಯ ಮೇಲೆ ಅದೇ ಮೀನು. ಕೊನೆಗೆ ಅದೇ ಸಾರಿಗೆ ಇಲಿಪಾಷಾಣ ಬೆರೆಸುತ್ತಾನೆ. ಅಪ್ಪನಿಗೆ ಅಮ್ಮನ ಮೇಲೆ ಚೂರಾದರೂ ಪ್ರೀತಿಯಿದ್ದರೆ ಶವಸಂಸ್ಕಾರಕ್ಕಾದರೂ ಬರಬಹುದು ಎಂಬುದು ಅವನ ತರ್ಕ. ಆತ ಬರುವುದಿಲ್ಲ. ಇಡೀ ಕತೆಯಲ್ಲಿ ಎಲ್ಲರಿಗಿಂತ ಗುರಿಕಾರನಾದ ಈತನ ಕೈ ಪಳಗಿದ್ದು ಅಮ್ಮನ ಅಡುಗೆ ಬದಲಿಸುವ ಆಸೆಗೆ ಎಂಬುದನ್ನು ನೋಡಾ ಎಲ್ಲಿಯೂ ಒತ್ತಿ ಹೇಳುವುದಿಲ್ಲ. ಅಲ್ಲಿಗೆ ನನ್ನ ಐದರಲ್ಲಿ ಐದು ಅಂಕ.

ಚಿನ್ನದ ಬೆನ್ನುಹತ್ತಿದ ಸೈನಿಕರ ನಾಯಕ ಲೆಫ್ಟಿನೆಂಟ್ ತ್ಸುರುಮಿಯ ವಿಷಯ ಬೇರೆ. ಉಳಿದವರಿಗೆ ಮನೆಯ ಗುಟ್ಟು ಗಾಯ, ಇವನಿಗೆ ಅದು ಉಪಕರಣ. ತ್ಸುಕಿಶಿಮಾ ಎಂಬ ಸಾದೋ ದ್ವೀಪದ ಸೈನಿಕನ ಪ್ರೇಯಸಿ ಸತ್ತಳು, ಇಲ್ಲ, ಬದುಕಿದ್ದಾಳೆ, ಇಲ್ಲ, ಮೂಳೆ ಸಿಕ್ಕಿದೆ, ಅಯ್ಯೋ, ಆ ಮೂಳೆ ನಾನೇ ಇಡಿಸಿದ್ದು. ಹೀಗೆ ಒಂದರ ಮೇಲೊಂದು ಹೇಳುತ್ತ ಅವನನ್ನು ಜೀವನಪೂರ್ತಿ ಕಟ್ಟಿಹಾಕುತ್ತಾನೆ. ಕೊನೆಗೂ ನಿಜ ಯಾವುದು? ತ್ಸುಕಿಶಿಮಾಗೆ ತಿಳಿಯದು, ನಮಗೂ. ಅಣ್ಣ ಸತ್ತ ಮೇಲೆ ಅಪ್ಪನ ಲೆಕ್ಕಕ್ಕೇ ಇಲ್ಲದ ಕೊಯಿತೊ ಎಂಬ ಇನ್ನೊಬ್ಬ ಹಿಂಬಾಲಕನನ್ನು ಅಪಹರಣದ ನಾಟಕ ಹೂಡಿ ಗೆದ್ದುಕೊಂಡದ್ದೂ ಇವನೇ. ಆದರೆ ರಷ್ಯಾದ ವ್ಲಾದಿವೊಸ್ತೊಕ್‌ನಲ್ಲಿ ಫೋಟೋ ಸ್ಟುಡಿಯೋದವನ ವೇಷದಲ್ಲಿದ್ದಾಗ ಸತ್ತ ಹೆಂಡತಿ ಮಗುವಿನ ಬೆರಳ ಮೂಳೆಗಳನ್ನು ಇವನೂ ಹೊತ್ತು ತಿರುಗುತ್ತಾನೆ. ಮಡಿದ ಸೈನಿಕರ ಕುಟುಂಬಗಳಿಗಾಗಿ, ದೇಶಕ್ಕಾಗಿ ಎನ್ನುವ ಅವನ ಭಾಷಣದ ಅಡಿಯಲ್ಲಿ ಬರೀ ಆ ಮೂಳೆಗಳಿವೆಯೇ ಎಂದು ಅವನ ಹಿಂಬಾಲಕರೇ ಕಿವಿಗೊಟ್ಟು ಕಾಯುತ್ತಾರೆ.

ಇನ್ನು ಅಸಿರ್ಪಾ. ಚಿನ್ನ ಬಚ್ಚಿಟ್ಟ ಮುಖವಿಲ್ಲದ ಕೈದಿ ಅವಳ ತಂದೆ ವಿಲ್ಕ್. ಪೋಲಿಶ್ ತಂದೆ, ಕರಾಫುತೊ (ಸಖಾಲಿನ್ ದ್ವೀಪ) ಐನು ತಾಯಿಯ ಮಗ. ಹಚ್ಚೆಯ ಸಂಕೇತ ಬಿಡಿಸುವ ಕೀಲಿ ಅವಳಿಗೆ ಮಾತ್ರ ಗೊತ್ತಿರುವ ಅವನ ಐನು ಹೆಸರು. ಅಂದರೆ ಮನೆಯೊಳಗಿನ ಕರೆಯುವ ಹೆಸರೇ ಖಜಾನೆಯ ಬೀಗದ ಕೈ. ಬೇಟೆ ಕಲಿಸಿದ ಅಪ್ಪ ತನ್ನನ್ನು ಮಗಳಾಗಿ ಬೆಳೆಸಿದನೋ, ಐನು ಹೋರಾಟದ ಆಯುಧವಾಗಿ ಹದಗೊಳಿಸಿದನೋ ಎಂಬ ಅವಳ ಸಿಟ್ಟು ನ್ಯಾಯವಾದದ್ದು. ಅವಳ ಕೈಗೆ ರಕ್ತ ಅಂಟಬಾರದು ಎನ್ನುವ ಸುಗಿಮೊತೊ ಕೂಡ ಅವಳ ಪರವಾಗಿ ತಾನೇ ತೀರ್ಮಾನಿಸುತ್ತಿದ್ದಾನಲ್ಲ, ಅದನ್ನೂ ಅವಳು ಬಿಡುವುದಿಲ್ಲ.

ನನ್ನ ತಕರಾರು ಕೊನೆಯ ಸಂಪುಟಗಳ ಬಗ್ಗೆ. ವಿಲ್ಕ್ ಏನು ಬಯಸಿದ್ದ ಎಂಬ ದೊಡ್ಡ ಗುಟ್ಟನ್ನು ಒಬ್ಬರ ಮೇಲೊಬ್ಬರು ಬಂದು ವಿವರಿಸುತ್ತಾರೆ. ಅಕ್ರೋಟಿನ ಒಂದು ತುಣುಕು ಮಾಡಿದ ಕೆಲಸವನ್ನು ಪುಟಗಟ್ಟಲೆ ಮಾತು ಮಾಡುವುದಿಲ್ಲ. ಚಿನ್ನದ ಅರ್ಧ ಆಗಲೇ ಭೂಮಿಗೆ ಸಂದಿದೆ, ಕೈಗೆ ಸಿಗುವುದು ಅದರ ಹಕ್ಕುಪತ್ರ ಎಂಬ ತಿರುವು ಮಾತ್ರ ಅದ್ಭುತ. ಚಿನ್ನಕ್ಕಿಂತ ಹಕ್ಕುಪತ್ರ ಏಕೆ ದೊಡ್ಡದು ಎಂದು ತಾಲ್ಲೂಕು ಕಚೇರಿಗೆ ಅಲೆದ ಯಾರಿಗೂ ವಿವರಿಸಬೇಕಿಲ್ಲ. ಆದರೆ ಇತಿಹಾಸದಲ್ಲಿ ಐನುಗಳಿಗೆ ಸಿಕ್ಕಿದ್ದು 1899ರ ಕಾಯ್ದೆ: ರಕ್ಷಣೆಯ ಹೆಸರಿನಲ್ಲಿ ಬೇಟೆಗಾರರನ್ನು ತುಂಡು ಜಮೀನಿನ ರೈತರನ್ನಾಗಿಸಿದ ಕಾನೂನು, ರದ್ದಾದದ್ದು 1997ರಲ್ಲಿ. ಅದರ ನೆರಳು ಈ ಕತೆಯಲ್ಲಿ ತೀರಾ ತೆಳು. ಕರುಣಾಜನಕರಾಗಿ ಅಲ್ಲ, ಗಟ್ಟಿಗರಾಗಿ ತೋರಿಸಿ ಎಂದು ಐನು ಜನರೇ ಕೇಳಿಕೊಂಡಿದ್ದರು ಎಂದು ನೋಡಾ ಹೇಳಿದ್ದಾರೆ. ಆ ಮಾತನ್ನು ಅವರು ಉಳಿಸಿಕೊಂಡಿದ್ದಾರೆ. ಆದರೂ ಅಂತ್ಯದ ನೆಮ್ಮದಿ ನನಗೆ ಸುಲಭವಾಗಿ ಗಂಟಲಿಳಿಯಲಿಲ್ಲ.

ಮಾಂಗಾದಲ್ಲಿ ಬರುವ ಐನು ಮಾತುಗಳನ್ನು ತಿದ್ದಿದವರು ವಿದ್ವಾಂಸ ಹಿರೋಶಿ ನಾಕಾಗಾವಾ. ಮಾಂಸವನ್ನು ಕೈಮಾ ಉಂಡೆಗೆ ಕೊಚ್ಚುವ ಹಾಗೆ ಸರದಿಯ ಮೇಲೆ ಕೊಚ್ಚುತ್ತ ಎಲ್ಲರೂ 'ಚಿತತಪ್, ಚಿತತಪ್' ಎನ್ನುವುದು ನಮ್ಮ ಮನೆಯಲ್ಲೀಗ ಈರುಳ್ಳಿ ಹೆಚ್ಚುವಾಗಲೂ ಕೇಳಿಸುತ್ತದೆ. ಇನ್ನೊಂದು ಸಂತೋಷ: ಅಸಿರ್ಪಾ ಹೆಸರಿನ ನಡುವಿನ ಅರ್ಧ 'ರ್' ಬರೆಯಲು ಜಪಾನಿ ಲಿಪಿಗೆ ಪುಟ್ಟದೊಂದು ವಿಶೇಷ ಅಕ್ಷರವೇ ಬೇಕು. ನಮಗೆ ಒಂದು ಅರ್ಕಾವೊತ್ತು ಸಾಕು.

ಕೊಳ್ಳುವವರಿಗೆ: ನನ್ನದು ವಿಜ್ ಮೀಡಿಯಾದ ಇಂಗ್ಲಿಷ್ ಆವೃತ್ತಿ. ಬಲದಿಂದ ಎಡಕ್ಕೆ ಓದಬೇಕು. ಅಪ್ಪ ಹಿಂದಿನಿಂದ ಶುರುಮಾಡಿ, ಸತ್ತವರೆಲ್ಲ ಏಳುತ್ತಿದ್ದಾರೆ ಎಂದಿದ್ದರು. ಮೂರು ಮಳೆಗಾಲದಲ್ಲಿ ಕಾಗದ ಅಂಚಿನಲ್ಲಿ ಹಳದಿಯಾಗಿದೆ, ಬೆನ್ನಿನ ಅಂಟು ಇನ್ನೂ ಗಟ್ಟಿ. ಸುಲಿದ ಚರ್ಮ, ಪ್ರಾಣಿಗಳ ಹಸಿ ಮಿದುಳು, ನಗ್ನತೆ ಧಾರಾಳವಾಗಿವೆ. ಮಕ್ಕಳ ಕೈಗೆ ಬೇಡ. ಒಂದೊಂದಾಗಿ ತರಿಸುವವರು ಕ್ರಮಸಂಖ್ಯೆಯನ್ನು ಎರಡು ಸಲ ನೋಡಿ. ನನಗೆ ಒಬ್ಬ ಮಾರಾಟಗಾರ 14ರ ಬದಲು 15 ಕಳುಹಿಸಿದ. ಲಕೋಟೆ ಹರಿದ ಉತ್ಸಾಹದಲ್ಲಿ ಸಂಖ್ಯೆ ನೋಡದೆ ಓದಿಬಿಟ್ಟು, ಅಬಾಶಿರಿಯಲ್ಲಿ ಯಾರಿಗೆ ಗುಂಡು ಬಿತ್ತು ಎಂಬುದನ್ನು ಗುಂಡು ಹಾರುವ ಮುಂಚೆಯೇ ತಿಳಿದುಕೊಂಡೆ.