ಆರಂಭದ ಕಾರುಗಳಿಗೆ ವಿದ್ಯುತ್ ವೇಗಮಾಪಕ: ಮೂರು ವಿಧಾನಗಳನ್ನು ಮಾಡಿ ನೋಡಿದ ಹೋಲಿಕೆ

ಸ್ಟ್ರಾಸ್‌ಬರ್ಗ್‌ನ ಒಟ್ಟೊ ಶುಲ್ಟ್ಸೆ 1902ರಲ್ಲಿ ಪೇಟೆಂಟ್ ಪಡೆದ ವೇಗಮಾಪಕದಲ್ಲಿ ತಿರುಗುವ ಅಯಸ್ಕಾಂತವು ಲೋಹದ ಬಟ್ಟಲೊಂದನ್ನು ತನ್ನೊಡನೆ ಎಳೆಯುತ್ತದೆ, ತೆಳುವಾದ ಸ್ಪ್ರಿಂಗ್ ಅದನ್ನು ತಡೆಯುತ್ತದೆ. ಮುಂದಿನ ದಶಕಗಳಲ್ಲಿ ಕಾರುಗಳಲ್ಲಿ ನೆಲೆಯೂರಿದ್ದು ಈ ತತ್ತ್ವವೇ. ಆದರೆ ಇದಕ್ಕೆ ಚಕ್ರದಿಂದ ಚಾಲಕನ ಮುಂದಿನ ಹಲಗೆಯವರೆಗೆ ಬಳುಕುವ ಕೇಬಲ್ ತಿರುಗುತ್ತಲೇ ಇರಬೇಕು. ಅದರ ಬದಲು ಎರಡು ತಂತಿ ಸಾಕಾಗುವ ಉಪಕರಣವನ್ನು ಅಂದಿನ ಸಾಮಗ್ರಿಯಿಂದಲೇ ಎಷ್ಟು ಚೆನ್ನಾಗಿ ಮಾಡಬಹುದಿತ್ತು ಎಂದು ತಿಳಿಯಲು ಮೂರು ಬಗೆಯನ್ನು ಕಟ್ಟಿ, ಲೇತ್‌ಗೆ ಜೋಡಿಸಿ ಪರೀಕ್ಷಿಸಿದೆ. 30 ಅಂಗುಲ ವ್ಯಾಸದ ಚಕ್ರವು ಗಂಟೆಗೆ 60 ಕಿ.ಮೀ. ವೇಗದಲ್ಲಿ ನಿಮಿಷಕ್ಕೆ ಸುಮಾರು 418 ಸುತ್ತು ತಿರುಗುತ್ತದೆ. ಎಲ್ಲ ಲೆಕ್ಕವೂ ಇದರ ಮೇಲೆಯೇ ನಿಂತಿದೆ.

ಮೊದಲನೆಯದರಲ್ಲಿ ಬ್ಯಾಟರಿ, ವಿದ್ಯುತ್ತನ್ನು ತುಂಬಿಟ್ಟುಕೊಳ್ಳುವ ಕಂಡೆನ್ಸರ್ ಮತ್ತು ಚಕ್ರದೊಡನೆ ತಿರುಗುತ್ತ ಸ್ವಿಚ್ಚನ್ನು ಒತ್ತುವ ಎಂಟು ಹಲ್ಲಿನ ಕ್ಯಾಮ್ ಇದ್ದವು. ಪ್ರತಿ ಹಲ್ಲಿಗೂ ಕಂಡೆನ್ಸರ್ ಒಮ್ಮೆ ತುಂಬಿ ಒಮ್ಮೆ ಬರಿದಾಗುವುದರಿಂದ ಸರಾಸರಿ ವಿದ್ಯುತ್ ಪ್ರವಾಹವು ವೇಗಕ್ಕೆ ಸರಿಯಾಗಿ ಏರುತ್ತದೆ. 6 ವೋಲ್ಟ್, 2 ಮೈಕ್ರೋಫ್ಯಾರಡ್ ಇದ್ದರೆ 60 ಕಿ.ಮೀ.ಗೆ ಸುಮಾರು 0.67 ಮಿಲಿಆಂಪಿಯರ್. ಇದು ಅಗ್ಗ, ಹಗುರ. ಆದರೆ ಬ್ಯಾಟರಿ 5.4 ವೋಲ್ಟ್‌ಗೆ ಇಳಿದಾಗ ಅದೇ 60ನ್ನು ಮುಳ್ಳು 54 ಎಂದು ತೋರಿಸಿತು. 1903ರ ಕಾಯಿದೆಯಂತೆ ಗಂಟೆಗೆ 20 ಮೈಲಿಯ ಮಿತಿಯಿದ್ದ ಬ್ರಿಟನ್ನಿನ ಚಾಲಕನಿಗೆ, ನಿಜವಾದ ವೇಗಕ್ಕಿಂತ ಕಡಿಮೆ ತೋರಿಸುವ ಮಾಪಕವು ಮಾಪಕವಿಲ್ಲದಿರುವುದಕ್ಕಿಂತ ಹೆಚ್ಚು ಅಪಾಯಕಾರಿ. ಇದನ್ನು ನಾನು ಅಲ್ಲಿಗೇ ಕೈಬಿಟ್ಟೆ.

ಉಳಿದೆರಡಕ್ಕೂ ಗುಜರಿ ಅಂಗಡಿಯಲ್ಲಿ ಸಿಕ್ಕ, ಕೈಯಿಂದ ತಿರುಗಿಸುವ ಹಳೆಯ ಟೆಲಿಫೋನಿನ ಮ್ಯಾಗ್ನೆಟೋಗಳನ್ನು ಬಳಸಿದೆ. ಲಾಳಾಕಾರದ ಉಕ್ಕಿನ ಅಯಸ್ಕಾಂತಗಳ ನಡುವೆ ತೆಳುತಂತಿಯ ಸಾವಿರಾರು ಸುತ್ತುಗಳ ಆರ್ಮೇಚರ್ ತಿರುಗುವ ಈ ಯಂತ್ರಕ್ಕೆ ಬ್ಯಾಟರಿ ಬೇಡ. ಹಾಗೆಯೇ ಬಳಸಿದರೆ ಅದು ಎಸಿ ಕೊಡುತ್ತದೆ. ಪ್ರವಾಹವನ್ನು ಒಂದೇ ದಿಕ್ಕಿಗೆ ತಿರುಗಿಸುವ ಕಮ್ಯುಟೇಟರ್ ಬೇಕಿಲ್ಲವಾದ್ದರಿಂದ ಅದೇ ಸರಳ ಮಾರ್ಗವೆಂದು ನಂಬಿ, ಎಸಿಯನ್ನೂ ಅಳೆಯಬಲ್ಲ ಮೂವಿಂಗ್ ಐರನ್ ಮೀಟರಿಗೆ ಜೋಡಿಸಿದ್ದೆ. ಆ ಮೀಟರಿನಲ್ಲಿ ಮುಳ್ಳು ಸರಿಸುಮಾರು ಪ್ರವಾಹದ ವರ್ಗಕ್ಕೆ ತಕ್ಕಂತೆ ಸರಿಯುವುದರಿಂದ ಕಡಿಮೆ ವೇಗದ ಅಂಕಿಗಳೆಲ್ಲ ಒಂದು ಮೂಲೆಯಲ್ಲಿ ಒತ್ತೊತ್ತಾಗಿ ಸೇರಿಕೊಂಡವು. ಮೇಲಿನ ವೇಗದಲ್ಲಿ ಮತ್ತೊಂದು ತೊಡಕು: ವೋಲ್ಟೇಜ್ ಏರಿದಷ್ಟೇ ಆರ್ಮೇಚರ್ ಸುರುಳಿಯು ಎಸಿಗೆ ಒಡ್ಡುವ ಇಂಡಕ್ಟಿವ್ ತಡೆಯೂ ಏರಿ, ಮುಳ್ಳು ಮುಂದೆ ಸರಿಯಲು ಹಿಂಜರಿಯಿತು.

ಇನ್ನೊಂದು ಮ್ಯಾಗ್ನೆಟೋಗೆ ಎರಡು ಭಾಗದ ಕಮ್ಯುಟೇಟರ್ ಮಾಡಿಸಿ, ಚಕ್ರದ ಎರಡೂವರೆ ಪಟ್ಟು ವೇಗದಲ್ಲಿ ತಿರುಗಿಸಿದಾಗ, 60 ಕಿ.ಮೀ.ಗೆ ಸುಮಾರು 50 ವೋಲ್ಟ್ ಡಿಸಿ ದೊರೆಯಿತು. ಮುಳ್ಳು ಪ್ರವಾಹಕ್ಕೆ ನೇರವಾಗಿ ತಕ್ಕಂತೆ ಸರಿಯುವ, ಒಂದು ಮಿಲಿಆಂಪಿಯರಿನ ಮೂವಿಂಗ್ ಕಾಯಿಲ್ ಮೀಟರಿಗೆ ಸರಣಿಯಲ್ಲಿ ಸುಮಾರು 50,000 ಓಮ್ ರೋಧವನ್ನು ಸೇರಿಸಿದ ಮೇಲೆ ಅಂಕಿಗಳು ಸಮ ಅಂತರದಲ್ಲಿ ಕುಳಿತವು. ಅಷ್ಟು ದೊಡ್ಡ ರೋಧದ ಎದುರು ಮೀಟರಿನೊಳಗಿನ ತಾಮ್ರವು ಬಿಸಿಯಾಗಿ ತನ್ನ ರೋಧವನ್ನು ಏರಿಸಿಕೊಂಡರೂ, ಕಮ್ಯುಟೇಟರಿಗೆ ತಾಗಿ ಪ್ರವಾಹವನ್ನು ಹೊರತರುವ ಬ್ರಷ್‌ನಲ್ಲಿ ಒಂದಿಷ್ಟು ವೋಲ್ಟೇಜ್ ನಷ್ಟವಾದರೂ, ಅಳತೆಗೆ ಬಾಧೆಯಿಲ್ಲ. ಶುಲ್ಟ್ಸೆಯ ಬಗೆಯ, ತಾಮ್ರ ಅಥವಾ ಅಲ್ಯೂಮಿನಿಯಂ ಬಟ್ಟಲಿನ ಮಾಪಕವಾದರೋ ಪರಿಹಾರದ ಏರ್ಪಾಡಿಲ್ಲದಿದ್ದರೆ ಬಿಸಿ 30 ಡಿಗ್ರಿ ಸೆಲ್ಸಿಯಸ್‌ನಷ್ಟು ಏರಿದಾಗ ಶೇಕಡ 10ಕ್ಕೂ ಹೆಚ್ಚು ತಪ್ಪುತ್ತದೆ. ಆರ್ಮೇಚರಿಗೆ ಕಡಿಮೆ ಸುತ್ತು, ದಪ್ಪ ತಂತಿ ಸಾಕು ಎಂಬ ನನ್ನ ಮೊದಲ ಯೋಚನೆ ತಪ್ಪಾಗಿತ್ತೆಂದು ಇಲ್ಲಿ ಮನವರಿಕೆಯಾಯಿತು.

ಆದರೂ ದೋಷಗಳಿವೆ. ಗಂಟೆಗೆ ಎಂಟು ಕಿ.ಮೀ.ಗಿಂತ ಕೆಳಗೆ ಪ್ರವಾಹದ ಮಿಡಿತ ಎದ್ದು ಕಂಡು ಮುಳ್ಳು ನಡುಗುತ್ತದೆ. ಹಿಂದಕ್ಕೆ ಚಲಿಸಿದರೆ ಮುಳ್ಳು ಸೊನ್ನೆಯಿಂದ ಕೆಳಗಿಳಿಯುವುದರಿಂದ ಅಲ್ಲಿ ತಡೆಯೊಂದು ಬೇಕು. ಅಂದಿನ ಉಕ್ಕಿನ ಅಯಸ್ಕಾಂತವು ಅಲುಗಾಟಕ್ಕೂ ಕಾವಿಗೂ ಶಕ್ತಿ ಕಳೆದುಕೊಳ್ಳುವುದರಿಂದ, ಜೋಡಿಸುವ ಮೊದಲೇ ಅದನ್ನು ಕಾಯಿಸಿ, ತಟ್ಟಿ ಹದಗೊಳಿಸಬೇಕು. ಎಲ್ಲಕ್ಕಿಂತ ದೊಡ್ಡ ಚಿಂತೆ ತೇವ: ಇಷ್ಟು ಸಣ್ಣ ಪ್ರವಾಹವು ಒದ್ದೆ ಕೆಸರಿನ ಮೂಲಕ ಸೋರಿಹೋಗಬಲ್ಲದು. ಆದ್ದರಿಂದ ಕಮ್ಯುಟೇಟರ್ ಮತ್ತು ತಂತಿಯ ತುದಿಗಳ ಮೇಲೆ ಹಿತ್ತಾಳೆಯ ಮುಚ್ಚಳ ಕೂರಿಸಿ, ಒಳಗೆಲ್ಲ ಅರಗಿನ ವಾರ್ನಿಷ್ ಬಳಿದಿದ್ದೇನೆ. ಬಕೆಟ್ ನೀರು ಸುರಿದ ಮೇಲೂ ಮುಳ್ಳು 60ರಲ್ಲೇ ನಿಂತಿದೆ.