ಪ್ರೈಡ್ ತಿಂಗಳ ಫಾರ್ಮ್‌ಗೆ ಟಿಕ್ ಹಾಕುವ ಮುಂಚೆ ಇದನ್ನೊಮ್ಮೆ ಓದಿ

ಮೊನ್ನೆ ಹಾವೇರಿಯ ಹುಡುಗನೊಬ್ಬ ವಾಟ್ಸಾಪ್‌ನಲ್ಲಿ ಒಂದು ಫಾರ್ಮ್ ಕಳಿಸಿದ. ಹುಬ್ಬಳ್ಳಿಯಲ್ಲಿ ಅವನಿಗಿದು ಮೊದಲ ಕೆಲಸ. ಪ್ರೈಡ್ ತಿಂಗಳು ಅಂದರೆ ಜೂನ್, ಸಲಿಂಗಿಗಳು, ಲಿಂಗತ್ವ ಅಲ್ಪಸಂಖ್ಯಾತರು ತಮ್ಮ ಗುರುತನ್ನು ಹೆಮ್ಮೆಯಿಂದ ಆಚರಿಸುವ ತಿಂಗಳು. "ಅಣ್ಣಾ, ನಮ್ಮ ಎಚ್‌ಆರ್ ಕೊಟ್ಟಾರ. ಪ್ರೈಡ್ ತಿಂಗಳಿಗೆ ನನ್ನ ಸ್ಟೋರಿ ಬೇಕಂತ. ತುಂಬ್ಲೇನು?" ಅಂತ ಕೇಳಿದ. ಈಗಲೇ ತುಂಬಬೇಡ ಅಂದೆ. ಯಾಕೆ ಅಂತ ಹೇಳಲು ಹೋಗಿ ನನ್ನ ಕಥೆ ಪೂರ್ತಿ ಹೇಳಬೇಕಾಯಿತು. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಎರಡು ವರ್ಷದ ಹಿಂದಿನ ಮಾತು. ಸಾಲ ಕೊಡುವ ಒಂದು ಖಾಸಗಿ ಕಂಪನಿಯ ವಿದ್ಯಾನಗರದ ಬ್ರಾಂಚಿನಲ್ಲಿ ಕೆಲಸ ಮಾಡುತ್ತಿದ್ದೆ. ನಾನು ಗೇ (ಸಲಿಂಗಿ) ಅಂತ ಆಫೀಸಿನಲ್ಲಿ ಇಬ್ಬರಿಗೆ ಗೊತ್ತಿತ್ತು. ಧಾರವಾಡದ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಜೂನ್ 1ಕ್ಕೆ ಕಂಪನಿಯ ಲೋಗೋ ನಮ್ಮವರ ಗುರುತಾದ ಕಾಮನಬಿಲ್ಲಿನ ಬಣ್ಣಕ್ಕೆ ತಿರುಗಿತು. ಐಡಿ ಕಾರ್ಡಿಗೆ ಅದೇ ಬಣ್ಣದ ಪಟ್ಟಿ ಕೊಟ್ಟರು. ಖರೆ ಹೇಳುತ್ತೇನೆ, ಆ ದಿನ ನನಗೆ ತುಂಬಾ ಖುಷಿಯಾಗಿತ್ತು. 2018ರ ಸೆಪ್ಟೆಂಬರ್ 6ರಂದು ಒಪ್ಪಿದ ವಯಸ್ಕರ ಸಲಿಂಗ ಸಂಬಂಧ ಅಪರಾಧವಲ್ಲ ಅಂತ ಸುಪ್ರೀಂ ಕೋರ್ಟ್ 377ನೇ ಕಲಮಿನ ತೀರ್ಪು ಕೊಟ್ಟಾಗ ನಾನು ಹಾಸ್ಟೆಲಿನ ಬಾತ್‌ರೂಮಿನಲ್ಲಿ ಚಿಲಕ ಹಾಕಿಕೊಂಡು ಅತ್ತಿದ್ದೆ. ಖುಷಿಗೆ ಅತ್ತದ್ದು, ಆದರೆ ಯಾರ ಹತ್ತಿರವೂ ಹೇಳುವ ಹಾಗಿರಲಿಲ್ಲ. ಅಂಥವನ ಕೊರಳಿಗೆ ಆಫೀಸಿನವರೇ ಆ ಪಟ್ಟಿ ಹಾಕಿದರೆ ಹೇಗಾಗಬೇಡ?

ಒಂದು ವಾರದಲ್ಲಿ ಹೆಡ್ ಆಫೀಸಿನ ಎಚ್‌ಆರ್ ಮೇಡಂ ವಿಡಿಯೋ ಕಾಲ್ ಮಾಡಿದರು. ಮಾತು ಬಹಳ ಮೃದು. "ಸಣ್ಣ ಊರಿನಿಂದ ಒಂದು ಸ್ಟೋರಿ ಬೇಕು. ನಮ್ಮ ಒಳಗಿನ ನ್ಯೂಸ್‌ಲೆಟರ್‌ಗೆ ಮಾತ್ರ" ಅಂದರು. ಫಾರ್ಮ್‌ನ ಕೊನೆಯಲ್ಲಿ ಸಣ್ಣ ಅಕ್ಷರದ ಒಂದು ಸಾಲಿತ್ತು. ನನ್ನ ಹೆಸರು, ಫೋಟೋ, ಮಾತು ಎಲ್ಲವನ್ನೂ ಕಂಪನಿ ಎಲ್ಲಿ ಬೇಕಾದರೂ ಬಳಸಬಹುದು ಅಂತ. ಓದದೆ ಟಿಕ್ ಹಾಕಿದೆ. ಮೇಡಂ ಬಾಯಲ್ಲಿ ಹೇಳಿದ್ದನ್ನೇ ನಂಬಿದ್ದೆ.

ಫೋಟೋ ತೆಗೆಯುವ ದಿನ ಆರು ಬಣ್ಣದ ರಿಬ್ಬನ್ ಸುತ್ತಿದ ಧಾರವಾಡ ಪೇಢಾದ ಡಬ್ಬಿ ತಂದಿದ್ದರು. "ಡಬ್ಬಿ ಸ್ವಲ್ಪ ಮೇಲೆ ಹಿಡೀರಿ, ಲೋಕಲ್ ಅನ್ನೋದು ಗೊತ್ತಾಗ್ಲಿ" ಅಂದ ಫೋಟೋಗ್ರಾಫರ್. ಹಿಡಿದೆ. ಆ ಫೋಟೋದಲ್ಲಿ ನಾನು ಬಾಯ್ತುಂಬಾ ನಗುತ್ತಿದ್ದೇನೆ.

ಹತ್ತು ದಿನದ ಮೇಲೆ, ಸಂಜೆ ಚಿಗರಿ ಬಸ್ಸಿನಲ್ಲಿ ಧಾರವಾಡಕ್ಕೆ ಹೊರಟಿದ್ದೆ. ಅವ್ವನ ಫೋನ್ ಬಂತು.

"ಯಪ್ಪಾ, ನಿನ್ನ ಫೋಟೋ ಫೋನ್ಯಾಗ ಬಂದೈತಂತ. ಗದಗಿನ ಚಿಗವ್ವ ಅಳಾಕತ್ಯಾಳ. ಅದ್ರಾಗ ಬರದದ್ದು ಖರೇನ?"

ಉಣಕಲ್ ಕೆರೆಯ ಸ್ಟಾಪ್ ಬಂದಿತ್ತು. ಇಳಿದುಬಿಟ್ಟೆ. "ಹೌದವ್ವ, ಖರೆ" ಅಂದೆ. ಆ ಕಡೆಯಿಂದ ಮಾತಿಲ್ಲ. ಅಡುಗೆಮನೆಯ ಕುಕ್ಕರ್ ಒಂದು ಸೀಟಿ ಹೊಡೆದದ್ದು ಕೇಳಿಸಿತು. ಫೋನ್ ಕಟ್ಟಾಯಿತು.

ಅವ್ವನಿಗೆ ಹೇಗೆ ಹೇಳಬೇಕು ಅಂತ ವರ್ಷಗಟ್ಟಲೆ ಯೋಚಿಸಿದ್ದೆ. ಮಂಗಳವಾರ, ಶುಕ್ರವಾರ ಬಾಗಿಲಿಗೆ ಬರುವ ಜೋಗಮ್ಮನಿಗೆ ಮೊರದಲ್ಲಿ ಜೋಳ ತಂದು ಹಾಕಿ ಕೈಮುಗಿಯುವವಳು ಅವಳು. ಗಂಡಾಗಿ ಹುಟ್ಟಿ ಯಲ್ಲಮ್ಮನ ಹೆಸರಲ್ಲಿ ಸೀರೆ ಉಟ್ಟು ಬದುಕುವ ಸವದತ್ತಿ ಗುಡ್ಡದ ಜೋಗಪ್ಪಗಳ ಬಗ್ಗೆ ಅವಳ ಬಾಯಲ್ಲಿ ಒಂದು ಕೆಟ್ಟ ಮಾತು ಬಂದದ್ದಿಲ್ಲ. ನನ್ನದು ಅವರದು ಒಂದೇ ಅಲ್ಲ, ಗೊತ್ತು. ಆದರೂ ಮಾತು ಅಲ್ಲಿಂದ ಶುರು ಮಾಡಬಹುದು ಅಂದುಕೊಂಡಿದ್ದೆ, ಅವಳ ಪಕ್ಕ ಕೂತು, ಕೈ ಹಿಡಿದು. ಆ ಮಾತನ್ನು ನನಗಿಂತ ಮೊದಲು ಕಂಪನಿಯ ಇನ್‌ಸ್ಟಾಗ್ರಾಂ ಹೇಳಿಬಿಟ್ಟಿತು.

ತೆಗೆಯಿರಿ ಅಂತ ಅದೇ ರಾತ್ರಿ ಮೇಲ್ ಹಾಕಿದೆ. "ಕ್ಯಾಂಪೇನ್ ನಡೀತಿದೆ, ತಿಂಗಳು ಮುಗಿಯಲಿ" ಅಂದರು. ದುಡ್ಡು ಕೊಟ್ಟು ಹುಬ್ಬಳ್ಳಿ, ಗದಗ, ಹಾವೇರಿಯವರಿಗೆಲ್ಲ ಕಾಣುವ ಹಾಗೆ ಅದನ್ನು ಬೂಸ್ಟ್ ಮಾಡಿದ್ದರು. ಚಿಗವ್ವನ ಮಗನಿಗೆ ಕಂಡದ್ದೇ ಹಾಗೆ. ಕೆಳಗೆ ಬಂದ ಹೊಲಸು ಕಾಮೆಂಟುಗಳನ್ನು ಯಾರೂ ಅಳಿಸಲಿಲ್ಲ. ಗೋಗರೆದ ಮೇಲೆ ಒಂಬತ್ತನೇ ದಿನ ತೆಗೆದರು.

ಜುಲೈ 1ಕ್ಕೆ ಲೋಗೋ ಮೊದಲಿನ ನೀಲಿ ಬಣ್ಣಕ್ಕೆ ಬಂತು. ಅದೇ ವಾರ ಬ್ರಾಂಚ್ ಮ್ಯಾನೇಜರ್ ಕರೆದು ಕುಂದಗೋಳ, ನವಲಗುಂದದ ಫೀಲ್ಡ್ ಕೆಲಸದಿಂದ ನನ್ನನ್ನು ಬಿಡಿಸಿದರು. "ಕಸ್ಟಮರ್ ಏನಂತಾರೋ ಏನೋ, ನಿನ್ನ ಒಳ್ಳೇದಕ್ಕೇ" ಅಂದರು. ಫೀಲ್ಡ್ ಹೋಯಿತು ಅಂದರೆ ಇನ್ಸೆಂಟಿವ್ ಹೋಯಿತು. ಎಚ್‌ಆರ್ ಮೇಡಂಗೆ ಬರೆದರೆ "ಅದು ಬ್ರಾಂಚಿನ ತೀರ್ಮಾನ" ಅಂತ ಒಂದು ಸಾಲಿನ ಉತ್ತರ. ಮೂರು ವರ್ಷದಿಂದ ಜೊತೆಗಿದ್ದ ಗೆಳೆಯನ ಹೆಸರನ್ನು ಆರೋಗ್ಯ ವಿಮೆಗೆ ಸೇರಿಸಬಹುದಾ ಅಂತ ಕೇಳಿದೆ. ಗಂಡ-ಹೆಂಡತಿಗೆ ಮಾತ್ರ ಅಂದರು. 2023ರ ಅಕ್ಟೋಬರ್ 17ರಂದು ಸುಪ್ರೀಂ ಕೋರ್ಟ್ ನಮ್ಮಂಥವರ ಮದುವೆಗೆ ಮಾನ್ಯತೆ ಕೊಡಲಿಲ್ಲ, ಹಾಗಾಗಿ ಕಾನೂನಿನ ಒತ್ತಾಯ ಇಲ್ಲ. ಆದರೆ ತಾವಾಗಿಯೇ ಸಂಗಾತಿಯನ್ನು ವಿಮೆಗೆ ಸೇರಿಸಿಕೊಳ್ಳುವ ಕಂಪನಿಗಳು ನಮ್ಮ ದೇಶದಲ್ಲೇ ಇವೆ. ಮನಸ್ಸಿದ್ದವರು ಮಾಡುತ್ತಾರೆ.

ಜಾಸ್ತಿ ಜನರಿಗೆ ಗೊತ್ತಿಲ್ಲದ ವಿಷಯ ಒಂದಿದೆ. 377ರ ತೀರ್ಪಿನಿಂದ ನಾವು ಅಪರಾಧಿಗಳಲ್ಲ ಅಂತಾಯಿತು, ಅಷ್ಟೇ. ಖಾಸಗಿ ಕಂಪನಿಯಲ್ಲಿ ಗೇ ಅಂತ ಮೂಲೆಗೆ ತಳ್ಳಿದರೆ ನೇರವಾಗಿ ಕಾಪಾಡುವ ಪ್ರತ್ಯೇಕ ಕಾಯ್ದೆ ಇಲ್ಲ. ಟ್ರಾನ್ಸ್ (ಲಿಂಗತ್ವ ಅಲ್ಪಸಂಖ್ಯಾತ) ಜನರಿಗೆ 2019ರ ಕಾಯ್ದೆ ಇದೆ. ಅದರ ಪ್ರಕಾರ ಪ್ರತಿ ಸಂಸ್ಥೆಯಲ್ಲೂ ದೂರು ಕೇಳುವ ಒಬ್ಬ ಅಧಿಕಾರಿ ಇರಬೇಕು. ಕಂಪನಿಯವರು ಫೋಟೋ ಕೇಳಿದರೆ ಮೊದಲು ಆ ಅಧಿಕಾರಿ ಯಾರು ಅಂತ ಕೇಳಿ.

ದೊಡ್ಡ ಕಂಪನಿಗಳೇ ಬೆದರಿಕೆ ಬಂದರೆ ಹಿಂದೆ ಸರಿಯುತ್ತವೆ. 2021ರ ಅಕ್ಟೋಬರಿನಲ್ಲಿ ಡಾಬರ್ ಕಂಪನಿ ಕರ್ವಾ ಚೌತ್‌ಗೆ, ಅಂದರೆ ಉತ್ತರ ಭಾರತದಲ್ಲಿ ಹೆಂಡತಿ ಗಂಡನಿಗಾಗಿ ಉಪವಾಸ ಇರುವ ಹಬ್ಬಕ್ಕೆ, ಒಂದು ಜಾಹೀರಾತು ಮಾಡಿತ್ತು. ಇಬ್ಬರು ಹೆಂಗಸರು ಒಬ್ಬರಿಗಾಗಿ ಒಬ್ಬರು ಉಪವಾಸ ಇರುವುದು. ಮಧ್ಯಪ್ರದೇಶದ ಗೃಹಮಂತ್ರಿ ಕಾನೂನು ಕ್ರಮದ ಮಾತಾಡಿದ ಮೇಲೆ ಅದನ್ನು ವಾಪಸ್ ತೆಗೆದುಕೊಂಡು ಕ್ಷಮೆ ಕೇಳಿತು. ಅದರಲ್ಲಿದ್ದವರು ನಟಿಯರು. ಆದರೆ ನಮ್ಮ ಫೋಟೋ ಅಳಿಸಿದ ಮೇಲೂ ನಾವು ಅದೇ ಓಣಿಯಲ್ಲಿ ಬದುಕಬೇಕಲ್ವಾ?

ಕಂಪನಿಗಳು ಸುಮ್ಮನಿರಲಿ ಅಂತ ನಾನು ಹೇಳುತ್ತಿಲ್ಲ. ಹುಬ್ಬಳ್ಳಿಯಂಥ ಊರಲ್ಲಿ ಆಫೀಸಿನ ಗೋಡೆಯ ಮೇಲೆ ಒಂದು ಬಣ್ಣದ ಪೋಸ್ಟರ್ ಕಂಡರೂ ಎದೆ ಹಗುರಾಗುತ್ತದೆ. ಅದು ನನಗೂ ಆಗಿದೆ. ಬಣ್ಣ ಹಚ್ಚಲಿ. ಆದರೆ ವಿಮೆ, ಬಡ್ತಿ, ದೂರು ಕೇಳುವ ವ್ಯವಸ್ಥೆ, ಇವುಗಳಲ್ಲಿ ಉಳಿದ ಹನ್ನೊಂದು ತಿಂಗಳು ಏನು ಮಾಡುತ್ತೀರಿ ಅಂತ ಕೇಳಿ. ಫೋಟೋ ಎಲ್ಲೆಲ್ಲಿ ಹೋಗುತ್ತೆ, ಎಷ್ಟು ದಿನ ಇರುತ್ತೆ, ಬೇಡ ಅಂದರೆ ಎಷ್ಟು ಗಂಟೆಯಲ್ಲಿ ತೆಗೆಯುತ್ತೀರಿ, ಇದನ್ನೆಲ್ಲ ಮೇಲ್‌ನಲ್ಲಿ ಬರೆಸಿಕೊಳ್ಳಿ. ಬಾಯಿ ಮಾತು ಬೇಡ. ಹೆಸರಿಲ್ಲದೆ ಸ್ಟೋರಿ ಹಾಕಿ ಅಂತ ಕೇಳಿ ನೋಡಿ. ಅದಕ್ಕೆ ಮುಖ ಸಪ್ಪಗೆ ಮಾಡಿದರೆ ಟಿಕ್ ಹಾಕಬೇಡಿ.

ಮನೆಯಲ್ಲಿ ಇನ್ನೂ ಹೇಳಿಲ್ಲದವರು ಅಂತೂ ಖಂಡಿತ ಫೋಟೋ ಕೊಡಬೇಡಿ. ಧೈರ್ಯ ಇಲ್ಲ ಅಂತ ಯಾರಾದರೂ ಅಂದರೆ ಅನ್ನಲಿ.

ನಾನು ಆ ಕೆಲಸ ಬಿಟ್ಟೆ. ಅವ್ವ ಏಳು ತಿಂಗಳು ಮಾತಾಡಲಿಲ್ಲ. ಈಗ ದಿನಾ ಫೋನ್ ಮಾಡಿ ಊಟ ಆಯ್ತಾ ಅಂತ ಕೇಳುತ್ತಾಳೆ. ಚಿಗವ್ವನ ಮನೆಯ ಮದುವೆಗೆ ಮಾತ್ರ ನನಗೆ ಕರೆ ಬರಲಿಲ್ಲ.

ಹಾವೇರಿಯ ಹುಡುಗ ಎಚ್‌ಆರ್‌ಗೆ ಮೇಲ್ ಹಾಕಿದ್ದಾನೆ, ಉತ್ತರಕ್ಕೆ ಕಾಯುತ್ತಿದ್ದಾನೆ. ನಿಮಗೂ ಇಂಥ ಫಾರ್ಮ್ ಬಂದಿದ್ದರೆ ನನಗೆ ಕಳಿಸಿ. ರಾತ್ರಿ 9ರ ಮೇಲೆ ಫ್ರೀ ಇರುತ್ತೇನೆ, ಆ ಸಣ್ಣ ಅಕ್ಷರಗಳನ್ನು ಇಬ್ಬರೂ ಕೂತು ಓದೋಣ.