ಬಣ್ಣದ ಫಿಲ್ಮ್ ಕಡಿಮೆ ಬೆಲೆಗೆ ಸಿಗ್ತಿದೆಯಾ? ಮೊದಲು ಅದರ ಬೆನ್ನು ನೋಡಿ

ಬೆಂಗಳೂರಿನಲ್ಲಿ ಫಿಲ್ಮ್ ಕ್ಯಾಮೆರಾ ಹಿಡಿದು ಓಡಾಡುವ ಎಲ್ಲರಿಗೂ ಇದನ್ನು ಹೇಳಲೇಬೇಕು. ಇನ್‌ಸ್ಟಾಗ್ರಾಂನಲ್ಲೋ ವಾಟ್ಸಾಪ್ ಗುಂಪಿನಲ್ಲೋ ಯಾರಾದರೂ ಚೀಟಿ ಅಂಟಿಸಿದ ರೋಲ್ ತೋರಿಸಿ "ಫ್ರೆಶ್ ಕಲರ್ ಫಿಲ್ಮ್, ಯಾವ ಲ್ಯಾಬಿಗಾದ್ರೂ ಕೊಡಿ" ಅಂದರೆ, ದುಡ್ಡು ಕಳಿಸುವ ಮುಂಚೆ ಸ್ವಲ್ಪ ತಡೆಯಿರಿ. ಅಂಥ ರೋಲ್‌ಗಳಿಂದ ನನಗೆ ಆಗಿರುವ ನಷ್ಟವನ್ನು ಯಾವ ರೀಫಂಡೂ ತುಂಬಲ್ಲ.

ಬಸವನಗುಡಿಯಲ್ಲಿದ್ದ ನಮ್ಮ ಅಜ್ಜಿಯ ಮನೆ ಮಾರಾಟವಾಗಿತ್ತು. ಕೆಡವುವ ಮೊದಲು ಅದನ್ನು ಬಣ್ಣದಲ್ಲಿ ತೆಗೆದಿಡಬೇಕು ಎಂಬ ಆಸೆ ನನ್ನದು. ಬಣ್ಣದಲ್ಲೇ ಯಾಕೆ ಅಂದರೆ, ಆ ಮನೆಯ ಜೀವವೇ ನೆಲದ ಬಣ್ಣದಲ್ಲಿತ್ತು. ಹಳೇ ರೆಡ್ ಆಕ್ಸೈಡ್ ನೆಲ. ದಶಕಗಟ್ಟಲೆ ಒರೆಸಿ ಒರೆಸಿ ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಬೆಳಗ್ಗೆ ಕಿಟಕಿಯ ಬಿಸಿಲು ಅದರ ಮೇಲೆ ಬಿದ್ದರೆ ಗೋಡೆಯ ಸುಣ್ಣಕ್ಕೂ ಕೆಂಪು ಹತ್ತುತ್ತಿತ್ತು. ಕಪ್ಪು ಬಿಳುಪಿನಲ್ಲಿ ಅದು ಬರೀ ಬೂದು.

ಆ ಹೊತ್ತಿಗೆ ಅಂಗಡಿಗಳಲ್ಲಿ ಕೊಡಕ್ ಗೋಲ್ಡ್ ಇರಲಿಲ್ಲ, ಅಲ್ಟ್ರಾಮ್ಯಾಕ್ಸ್ ಇರಲಿಲ್ಲ. ಇದ್ದ ಕಡೆ ಬೆಲೆ ಕೇಳಿದರೆ ಎದೆ ಧಸಕ್ ಅನ್ನುತ್ತಿತ್ತು. ಆಗ ಕಣ್ಣಿಗೆ ಬಿದ್ದವನು ಇಂಥ ರೋಲ್ ಮಾರುವ ಒಬ್ಬ ಮಾರಾಟಗಾರ. ನಾನು ಬಾಯಿಬಿಟ್ಟು ಕೇಳಿದ್ದೆ: ಯಾವ ಫಿಲ್ಮ್, ಯಾವ ಪ್ರೋಸೆಸ್, ಎಷ್ಟು ಹಳೆಯದು? "ಹೊಸದು, ಸಿ-41, 200 ಐಎಸ್‌ಒ" ಎಂದು ಬರೆದು ಕೊಟ್ಟ. (ಸಿ-41 ಅಂದರೆ ಮಾಮೂಲಿ ಬಣ್ಣದ ಫಿಲ್ಮ್ ತೊಳೆಯುವ ವಿಧಾನ, ಐಎಸ್‌ಒ ಅಂದರೆ ಬೆಳಕಿಗೆ ಫಿಲ್ಮ್‌ನ ಸೂಕ್ಷ್ಮತೆಯ ಅಳತೆ.) ಆ ಮೆಸೇಜ್ ಇನ್ನೂ ನನ್ನ ಹತ್ತಿರ ಇದೆ. ನಂಬಿ ತೆಗೆದುಕೊಂಡೆ, ಇಡೀ ಮನೆಯನ್ನು ಅದರಲ್ಲೇ ತೆಗೆದೆ. ಜಗಲಿ, ಅಟ್ಟ, ದೇವರ ಮನೆ, ಹಿತ್ತಲ ಬಾವಿಕಟ್ಟೆ, ಆ ನೆಲದ ಮೇಲೆ ಕಾಲು ಚಾಚಿ ಕೂತ ಅಜ್ಜಿ.

ಪುಣ್ಯಕ್ಕೆ ನಾನು ಫಿಲ್ಮ್ ತೊಳೆಸುವ ಲ್ಯಾಬಿನವರು ಹಳಬರು. ಕತ್ತಲ ಚೀಲದೊಳಗೆ ಕೈ ಹಾಕಿ ರೋಲ್‌ನ ತುದಿಯನ್ನಷ್ಟೇ ಹೊರಗೆ ಎಳೆದು ನೋಡಿದರು. ಹಿಂಭಾಗ ಕಾಡಿಗೆಯಂತೆ ಕಪ್ಪಾಗಿತ್ತು. "ಇದು ಸಿನಿಮಾ ಫಿಲ್ಮ್, ಮೆಷಿನ್‌ಗೆ ಹಾಕಲ್ಲ" ಅಂದರು.

ಇಲ್ಲಿ ಸ್ವಲ್ಪ ವಿವರಿಸಬೇಕು, ಯಾಕೆಂದರೆ ಮೋಸ ಇರುವುದೇ ಇಲ್ಲಿ. ಇಂಥ ಬಣ್ಣದ ಸಿನಿಮಾ ನೆಗೆಟಿವ್‌ನ ಬೆನ್ನಿಗೆ ರೆಮ್‌ಜೆಟ್ ಎಂಬ ಇಂಗಾಲದ ಕಪ್ಪು ಲೇಪ ಇರುತ್ತದೆ. ಕ್ಯಾಮೆರಾದೊಳಗೆ ಫಿಲ್ಮ್ ವೇಗವಾಗಿ ಓಡುವಾಗ ಗೀರು ಬೀಳದಂತೆ, ಸ್ಥಿರ ವಿದ್ಯುತ್ ಹುಟ್ಟದಂತೆ ಅದು ಕಾಯುತ್ತದೆ. ಬೆಳಕು ಹಿಂದಿನಿಂದ ಪ್ರತಿಫಲಿಸಿ ದೀಪಗಳ ಸುತ್ತ ಪ್ರಭೆ ಮೂಡದಂತೆಯೂ ತಡೆಯುತ್ತದೆ. ಸಿನಿಮಾ ಲ್ಯಾಬ್‌ನ ಇಸಿಎನ್-2 ಪ್ರೋಸೆಸ್‌ನಲ್ಲಿ ಮೊದಲು ಕ್ಷಾರದ ದ್ರಾವಣದಲ್ಲಿ ಅದ್ದಿ, ನೀರು ಹಾಯಿಸಿ ಆ ಲೇಪವನ್ನು ತೆಗೆದುಹಾಕುತ್ತಾರೆ. ನಾವು ಸ್ಟುಡಿಯೋಗಳಲ್ಲಿ ಕೊಡುವ ಮಾಮೂಲಿ ಬಣ್ಣದ ಫಿಲ್ಮ್ ಸಿ-41 ಪ್ರೋಸೆಸ್‌ನದು. 1972ರಿಂದ ನಡೆದುಬಂದದ್ದು. 37.8 ಡಿಗ್ರಿ ಬಿಸಿಯ ಡೆವಲಪರ್, ಮೂರೂಕಾಲು ನಿಮಿಷ. ಆ ಮೆಷಿನ್‌ನಲ್ಲಿ ಮಸಿ ತೆಗೆಯುವ ಹಂತವೇ ಇಲ್ಲ. ರೆಮ್‌ಜೆಟ್ ಇರುವ ರೋಲ್ ಒಳಗೆ ಹೋದರೆ ಮಸಿಯೆಲ್ಲ ಡೆವಲಪರ್‌ಗೆ ಬಿಟ್ಟುಕೊಂಡು, ರೋಲರ್‌ಗಳಿಗೆ ಮೆತ್ತಿ, ಹಿಂದೆ ಬರುವ ಬೇರೆಯವರ ಫಿಲ್ಮ್‌ಗೂ ಅಂಟುತ್ತದೆ.

ಇದೇ ಮಾರಾಟಗಾರನಿಂದ ತೆಗೆದುಕೊಂಡ ಇನ್ನೊಬ್ಬರಿಗೆ ಹಾಗೇ ಆಯಿತು. ಬೇರೆ ಲ್ಯಾಬಿನ ಹುಡುಗ ನೋಡದೆ ಮೆಷಿನ್‌ಗೆ ಹಾಕಿದ. ಲ್ಯಾಬಿನವರು ಕೆಮಿಕಲ್ ಪೂರ್ತಿ ಚೆಲ್ಲಿ, ಟ್ಯಾಂಕ್ ಉಜ್ಜಿ ತೊಳೆಯಬೇಕಾಯಿತು. ಅದೇ ಹೊತ್ತಿಗೆ ಒಳಗಿದ್ದ ಬೇರೆ ಗಿರಾಕಿಗಳ ರೋಲ್‌ಗಳೂ ಹಾಳಾದವು. ಅವರದ್ದೇನು ತಪ್ಪು ಹೇಳಿ? ಊರಿನಲ್ಲಿ ಬಣ್ಣದ ಫಿಲ್ಮ್ ತೊಳೆಯುವ ಜಾಗಗಳು ಉಳಿದಿರುವುದೇ ಕಡಿಮೆ. ಹೀಗೆ ಏಟು ತಿಂದ ಲ್ಯಾಬ್ "ಇನ್ನು ಫಿಲ್ಮ್ ಸಹವಾಸವೇ ಬೇಡ" ಅಂದುಬಿಟ್ಟರೆ ನಷ್ಟ ನಮ್ಮೆಲ್ಲರದ್ದು.

ನನ್ನ ರೋಲ್‌ಗಳನ್ನು ಲ್ಯಾಬಿನವರು ಕೈಯಲ್ಲೇ ಮಾಡಿಕೊಟ್ಟರು. ಸೋಡಾಪುಡಿ ಕದಡಿದ ನೀರಿನಲ್ಲಿ ನೆನೆಸಿ, ಕಪ್ಪು ಹೋಗುವವರೆಗೆ ತೊಳೆದು, ಆಮೇಲೆ ಡೆವಲಪ್. ನೆಗೆಟಿವ್ ಒಣಗಿದ ಮೇಲೆ ಅಂಚಿನಲ್ಲಿ ನಿಜ ಕಾಣಿಸಿತು. 5218 ಎಂಬ ಸಂಖ್ಯೆ. ಅದು ಕೊಡಕ್‌ನ ವಿಷನ್2 500ಟಿ, ಅಂದರೆ 500 ಐಎಸ್‌ಒ ಸಿನಿಮಾ ಫಿಲ್ಮ್. ಅದರ ಜಾಗಕ್ಕೆ ವಿಷನ್3ಯ 5219 ಬಂದದ್ದು 2007ರಲ್ಲಿ. 5218 ತಯಾರಿ ನಿಂತು ಹತ್ತು ವರ್ಷ ಯಾವಾಗಲೋ ದಾಟಿದೆ. ಅಂದರೆ "ಹೊಸದು" ಸುಳ್ಳು, "ಸಿ-41" ಸುಳ್ಳು, "200" ಕೂಡ ಸುಳ್ಳು.

ಚಿತ್ರಗಳ ಗತಿ? 500ಟಿಯ 'ಟಿ' ಅಂದರೆ ಟಂಗ್‌ಸ್ಟನ್. 3200 ಕೆಲ್ವಿನ್‌ನ ಹಳದಿ ದೀಪಕ್ಕೆ ಹೊಂದಿಸಿದ ಫಿಲ್ಮ್ ಅದು. ಬಿಸಿಲಿನಲ್ಲಿ ತೆಗೆಯುವಾಗ 85 ನಂಬರಿನ ಕಿತ್ತಳೆ ಫಿಲ್ಟರ್ ಹಾಕದಿದ್ದರೆ ಎಲ್ಲ ನೀಲಿ. ಫಿಲ್ಮ್ ಹೊಸದಾಗಿದ್ದರೆ ಸ್ಕ್ಯಾನ್ ಮಾಡಿ ಸುಮಾರಾಗಿ ಸರಿಪಡಿಸಬಹುದಿತ್ತು. ಇದು ಎಲ್ಲೋ ಸೆಕೆಯಲ್ಲಿ ಬಿದ್ದಿದ್ದ ಮಾಲು. ನೆರಳಿನ ಭಾಗಗಳೆಲ್ಲ ಮಂಜು ಮುಸುಕಿದಂತಿವೆ, ಕಾಳು ಕಾಳಾಗಿವೆ. ನೆರಳನ್ನು ಸರಿಮಾಡಿದರೆ ಬೆಳಕು ಹಸಿರಾಗುತ್ತದೆ, ಬೆಳಕನ್ನು ಸರಿಮಾಡಿದರೆ ನೆರಳು ನೇರಳೆ. ಯಾವ ಕೆಂಪಿಗಾಗಿ ತೆಗೆದೆನೋ ಆ ಕೆಂಪೇ ಇಲ್ಲ. ಮನೆಯೂ ಈಗಿಲ್ಲ.

ಕೇಳಿದಾಗ ಮಾರಾಟಗಾರ ಮೊದಲು ಲ್ಯಾಬಿನ ಮೇಲೆ ಹಾಕಿದ. ಅಂಚಿನ ಸಂಖ್ಯೆಯ ಫೋಟೋ ಕಳಿಸಿದ ಮೇಲೆ, ಯಾವುದೋ ಸಿನಿಮಾ ಶೂಟಿಂಗ್‌ನಲ್ಲಿ ಉಳಿದ ಡಬ್ಬದ ಫಿಲ್ಮನ್ನು ಕತ್ತರಿಸಿ ರೋಲ್ ಆಗಿ ಸುತ್ತಿದ್ದು ಎಂದು ಒಪ್ಪಿಕೊಂಡ. ಆಮೇಲೆ ನನ್ನನ್ನು ಬ್ಲಾಕ್ ಮಾಡಿದ.

ಸಿನಿಮಾ ಫಿಲ್ಮ್ ಬಗ್ಗೆ ನನಗೆ ದೂರಿಲ್ಲ. ಹಗಲ ಬೆಳಕಿಗೆ ಹೊಂದಿಸಿದ ಒಳ್ಳೆಯ ವಿಷನ್3 250ಡಿ ಸಿಕ್ಕರೆ ಅದರಷ್ಟು ಚಂದದ ಚರ್ಮದ ಬಣ್ಣ ಕೊಡುವ ಫಿಲ್ಮ್ ಕಡಿಮೆ. "ಇದು ಇಂಥದ್ದು, ಇಂಥ ವರ್ಷದ್ದು, ಇಸಿಎನ್-2 ಮಾಡಿಸಿ" ಎಂದು ನೇರವಾಗಿ ಹೇಳಿ ಮಾರುವವರೂ ಇದ್ದಾರೆ. ಅವರಿಂದ ಧಾರಾಳವಾಗಿ ಕೊಳ್ಳಿ. ನನ್ನ ಸಿಟ್ಟು ಮುಚ್ಚಿಡುವವರ ಮೇಲೆ. ಫಿಲ್ಮ್ ಸಿಗದೆ ಒದ್ದಾಡುವವರನ್ನು ನೋಡಿಕೊಂಡೇ ಇವರು ಬಲೆ ಬೀಸುತ್ತಾರೆ.

ಈ ಕೊರತೆ ಬೇಗ ಹೋಗುವಂಥದ್ದೂ ಅಲ್ಲ. ಕಪ್ಪು ಬಿಳುಪು ಫಿಲ್ಮ್ ಮಾಡುವುದು ಸುಲಭ. ಹಾಗಾಗಿ ಇಂಗ್ಲೆಂಡಿನ ಇಲ್ಫರ್ಡ್, ಚೆಕ್ ದೇಶದ ಫೋಮಾ ಕಂಪನಿಗಳು ಇನ್ನೂ ಇವೆ. ಬಣ್ಣದ ಫಿಲ್ಮ್‌ಗೆ ಹತ್ತಕ್ಕೂ ಹೆಚ್ಚು ಪದರಗಳನ್ನು ಕತ್ತಲಲ್ಲಿ, ಒಂದಿಷ್ಟೂ ಏರುಪೇರಿಲ್ಲದೆ ಬಳಿಯಬೇಕು. ಕೊಡಕ್ 2012ರಲ್ಲಿ ದಿವಾಳಿ ಅರ್ಜಿ ಹಾಕಿತು, ಆದರೂ ಇವತ್ತಿಗೂ ಹೆಚ್ಚಿನ ಬಣ್ಣದ ರೋಲ್‌ಗಳು ಅಮೆರಿಕದ ರೋಚೆಸ್ಟರ್‌ನ ಅದರ ಕಾರ್ಖಾನೆಯಿಂದಲೇ ಬರಬೇಕು. ಫ್ಯೂಜಿ 2021ರಲ್ಲಿ ಪ್ರೋ 400ಎಚ್ ಎಂಬ ಬಣ್ಣದ ಫಿಲ್ಮ್ ನಿಲ್ಲಿಸಿತು. ಇಲ್ಫರ್ಡ್ ಫಿಲ್ಮ್ ಮಾಡುವ ಹಾರ್ಮನ್ ಕಂಪನಿ 2023ರ ಕೊನೆಗೆ ಫೀನಿಕ್ಸ್ ಎಂಬ ಹೊಸ ಬಣ್ಣದ ಫಿಲ್ಮ್ ತಂದಾಗ ನನಗೆ ನಿಜಕ್ಕೂ ಖುಷಿಯಾಗಿತ್ತು. ನಮ್ಮ ಪಕ್ಕದ ಊಟಿಯಲ್ಲೇ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್ ಇತ್ತು, 'ಇಂದು' ಹೆಸರಿನ ಫಿಲ್ಮ್ ಬರುತ್ತಿತ್ತು. ಅದೂ ಮುಚ್ಚಿಹೋಯಿತು. ಹೊರಗಿನಿಂದ ಬರುವ ಮಾಲಿಗೆ ಸುಂಕ, ಜಿಎಸ್‌ಟಿ ಎಲ್ಲ ಸೇರಿ ನಮ್ಮ ಕೈಗೆ ಬರುವ ಹೊತ್ತಿಗೆ ಬೆಲೆ ಎಲ್ಲಿಗೋ ಹೋಗಿರುತ್ತದೆ.

ಹಾಗಾಗಿ ಕೈಯಲ್ಲಿ ಸುತ್ತಿದ ರೋಲ್ ಕೊಳ್ಳುವುದೇ ಆದರೆ, ಕ್ಯಾಮೆರಾಕ್ಕೆ ಹಾಕುವ ಮುಂಚೆ ಹೊರಗೆ ಚಾಚಿರುವ ತುದಿಯ ಹಿಂಭಾಗ ನೋಡಿ. ಮಾಮೂಲಿ ಫಿಲ್ಮ್‌ನ ಬೆನ್ನು ನುಣುಪಾಗಿ ಹೊಳೆಯುತ್ತದೆ. ರೆಮ್‌ಜೆಟ್ ಇದ್ದರೆ ಹೊಳಪಿಲ್ಲದ ಕಡುಗಪ್ಪು. ಅನುಮಾನ ಬಂದರೆ ತುದಿಯ ಚೂರೊಂದನ್ನು ಕತ್ತರಿಸಿ, ಅಡುಗೆ ಸೋಡಾ ಕದಡಿದ ಬಿಸಿನೀರಲ್ಲಿ ನೆನೆಸಿ ಬೆರಳಲ್ಲಿ ಉಜ್ಜಿ. ಬೆರಳು ಕಪ್ಪಾದರೆ ಮುಗಿಯಿತು, ಅದು ಸಿ-41 ಮೆಷಿನ್‌ಗೆ ಹೋಗಬಾರದು. ಆದರೆ 2025ರಿಂದ ಕೊಡಕ್ ರೆಮ್‌ಜೆಟ್ ಇಲ್ಲದ ಸಿನಿಮಾ ಫಿಲ್ಮ್ ತರುತ್ತಿದೆ. ಅದಕ್ಕೂ ಸರಿಯಾದ ಪ್ರೋಸೆಸ್ ಇಸಿಎನ್-2. ಬೆನ್ನು ಕಪ್ಪಿಲ್ಲ ಅಂದಮಾತ್ರಕ್ಕೆ ಮಾಮೂಲಿ ಫಿಲ್ಮ್ ಎಂದು ತಿಳಿಯಬೇಡಿ. ಇಂಥ ನಂಬರಿನ ಫಿಲ್ಮ್ ಎಂದು ಬರೆಸಿಕೊಳ್ಳಿ. ನಂಬರ್ ಹೇಳದವನ ಹತ್ತಿರ ಕೊಳ್ಳಬೇಡಿ.

ಡಬ್ಬಿಯ ಮೇಲಿನ ಡಿಎಕ್ಸ್ ಕೋಡ್ ಕೂಡ ನೋಡಿ, ಆ ಬೆಳ್ಳಿ-ಕಪ್ಪು ಚೌಕಗಳು. ಇವರು ಸ್ಟುಡಿಯೋದಿಂದ ತಂದ ಖಾಲಿ ಡಬ್ಬಿಗೇ ಸುತ್ತುತ್ತಾರೆ. ಡಬ್ಬಿ 400ರದ್ದಾಗಿದ್ದರೆ ನಿಮ್ಮ ಆಟೋಮ್ಯಾಟಿಕ್ ಕ್ಯಾಮೆರಾ 400 ಅಂತಲೇ ಓದುತ್ತದೆ, ಒಳಗೆ ಏನೇ ಇರಲಿ. ಹಳೇ ಫಿಲ್ಮ್‌ಗೆ ಹತ್ತು ವರ್ಷಕ್ಕೆ ಒಂದು ಸ್ಟಾಪ್ (ಅಂದರೆ ದುಪ್ಪಟ್ಟು) ಬೆಳಕು ಜಾಸ್ತಿ ಕೊಡಿ ಎಂಬ ಲೆಕ್ಕ ಬಳಕೆಯಲ್ಲಿದೆ. ಆದರೆ ವಯಸ್ಸು ಗೊತ್ತಿದ್ದರೆ ತಾನೇ ಲೆಕ್ಕ! ಫ್ರಿಜ್‌ನಲ್ಲಿತ್ತಾ, ಗೋಡೌನ್‌ನಲ್ಲಿತ್ತಾ, ಅದನ್ನೂ ಕೇಳಿ.

ಮದುವೆ, ಮನೆ, ವಯಸ್ಸಾದವರ ಚಿತ್ರ, ಹೀಗೆ ಮತ್ತೆ ಸಿಗದಂಥದ್ದಕ್ಕೆ ಕಂಪನಿ ಪೆಟ್ಟಿಗೆಯಲ್ಲಿ ಬಂದ, ತಾರೀಕು ಇರುವ ರೋಲ್ ಮಾತ್ರ ಬಳಸಿ. ದುಬಾರಿಯೇ, ಗೊತ್ತು. ನಾನೀಗ ಕಲಿಕೆಗೆ, ಕಬ್ಬನ್ ಪಾರ್ಕ್ ಸುತ್ತಾಟಕ್ಕೆಲ್ಲ ಕಪ್ಪು ಬಿಳುಪು ಹಾಕುತ್ತೇನೆ. ಬಣ್ಣದ ರೋಲ್‌ಗಳನ್ನು ಫ್ರಿಜ್‌ನಲ್ಲಿ ಎತ್ತಿಟ್ಟಿರುತ್ತೇನೆ. ಮಳೆಗಾಲದಲ್ಲಿ ಹೊರತೆಗೆದ ಕೂಡಲೇ ಡಬ್ಬಿ ಬಿಚ್ಚಬೇಡಿ, ತೇವ ಕೂರುತ್ತದೆ. ಕೋಣೆಯ ಬಿಸಿಗೆ ಬರಲಿ.

ಚೀಟಿ ಅಂಟಿಸಿದ ಇಂಥ ರೋಲ್ ಈಗಾಗಲೇ ನಿಮ್ಮ ಬ್ಯಾಗಿನಲ್ಲಿದ್ದರೆ, ಅದರಲ್ಲಿ ಚಿತ್ರ ತೆಗೆದಾಗಿದ್ದರೂ ಎಸೆಯಬೇಡಿ. ಲ್ಯಾಬಿಗೆ ಕೊಡುವಾಗ "ಇದು ಸಿನಿಮಾ ಫಿಲ್ಮ್ ಇರಬಹುದು, ತುದಿ ನೋಡಿ" ಎಂದು ಕವರಿನ ಮೇಲೆ ದೊಡ್ಡದಾಗಿ ಬರೆದು ಕೊಡಿ.